ಸಿಎನ್‌ಸಿ ಲೇತ್‌ನಲ್ಲಿ ಥ್ರೆಡ್ ತಪ್ಪದಿರಲು: ಸ್ಪಿಂಡಲ್ ವೇಗಕ್ಕೆ ಕ್ಯಾರೇಜ್ ಓಟ ಹೊಂದಿಸುವ ಸಮಗ್ರ ಮಾರ್ಗದರ್ಶಿ

ಮೊದಲ ಎರಡು ಪಾಸ್ ಚೆನ್ನಾಗಿ ಬರುತ್ತದೆ. ಐದನೇ ಪಾಸ್ ಹೊತ್ತಿಗೆ ಥ್ರೆಡ್ ಮೈ ಹರಿದ ಹಾಗೆ ಕಾಣುತ್ತದೆ. ಕೊನೆಗೆ ನೋಡಿದರೆ ಗೋ ಗೇಜ್ (ಥ್ರೆಡ್ ಸರಿ ಇದ್ದರೆ ಹತ್ತಬೇಕಾದ ರಿಂಗ್) ಹತ್ತುವುದೇ ಇಲ್ಲ, ಇಲ್ಲವೇ ಎರಡು ಸುತ್ತು ಹತ್ತಿ ಬಿಗಿಯುತ್ತದೆ. ಪೀಣ್ಯದಲ್ಲಿ ಕೇಳಿ, ಬೆಳಗಾವಿಯ ಉದ್ಯಮಬಾಗದಲ್ಲಿ ಕೇಳಿ, ಹೊಸದಾಗಿ ಸೆಟ್ಟಿಂಗ್‌ಗೆ ನಿಂತ ಹುಡುಗರೆಲ್ಲ ಇದೇ ದೂರು ಹೇಳುತ್ತಾರೆ. ಆಮೇಲೆ ಇನ್ಸರ್ಟ್ ಬದಲಾಯಿಸುತ್ತಾರೆ, ಕೂಲೆಂಟ್ ಜಾಸ್ತಿ ಮಾಡುತ್ತಾರೆ, ಪ್ರೋಗ್ರಾಮ್ ಅಳಿಸಿ ಮತ್ತೆ ಬರೆಯುತ್ತಾರೆ. ತೊಂದರೆ ಮಾತ್ರ ಅಲ್ಲೇ ಇರುತ್ತದೆ.

ಥ್ರೆಡ್ ಒಂದೇ ಪಾಸ್‌ನಲ್ಲಿ ಮುಗಿಯುವ ಕೆಲಸ ಅಲ್ಲ. ಹನ್ನೆರಡೋ ಹದಿನೈದೋ ಸಲ ಟೂಲ್ ಅದೇ ಗೀರಿನೊಳಗೇ ಹೋಗಿ ಬರಬೇಕು. ಅದಕ್ಕೆ ಮೂರು ವಿಷಯ ಪ್ರತಿ ಪಾಸ್‌ನಲ್ಲೂ ಒಂದೇ ಥರ ಇರಬೇಕು: ಸ್ಪಿಂಡಲ್‌ನ ಯಾವ ಕೋನದಲ್ಲಿ ಟೂಲ್ ಹೊರಡುತ್ತದೆ, ಸ್ಪಿಂಡಲ್ ಎಷ್ಟು ಆರ್‌ಪಿಎಂನಲ್ಲಿ ಸುತ್ತುತ್ತಿದೆ, ಝಡ್‌ನಲ್ಲಿ, ಅಂದರೆ ಜಾಬ್‌ನ ಉದ್ದದ ದಿಕ್ಕಿನಲ್ಲಿ, ಟೂಲ್ ಹೊತ್ತ ಕ್ಯಾರೇಜ್‌ನ ಓಟ ಎಲ್ಲಿಂದ ಶುರು. ಕೆಳಗಿನ ಹಂತಗಳೆಲ್ಲ ಈ ಮೂರನ್ನು ಕಾಯುವುದಕ್ಕೇ ಇವೆ. ಅನುಕ್ರಮ ತಪ್ಪಿಸಬೇಡಿ. ಮಷೀನ್ ನೋಡದೆ ನೇರ ಪ್ರೋಗ್ರಾಮ್‌ಗೆ ಕೈ ಹಾಕಿದರೆ ದಿನ ಹಾಳಾಗುತ್ತದೆ.

ಉದಾಹರಣೆಗೆ ಒಂದೇ ಜಾಬ್ ಹಿಡಿದುಕೊಳ್ಳೋಣ: ಇಎನ್8 ಸ್ಟೀಲ್, ಎಂ20×2.5 ಹೊರ ಥ್ರೆಡ್ (ವ್ಯಾಸ 20 ಮಿ.ಮೀ., ಪಿಚ್ 2.5 ಮಿ.ಮೀ.), 1000 ಆರ್‌ಪಿಎಂ. ಕೋಡ್‌ಗಳು ಫಾನುಕ್ 0ಐ ಕಂಟ್ರೋಲ್‌ನವು. ಇಲ್ಲಿ ಕನ್ನಡದಲ್ಲಿ ಬರೆದ ಅಕ್ಷರಗಳನ್ನು ನಿಮ್ಮ ಪ್ಯಾನೆಲ್‌ನ ಕೀಗಳಲ್ಲಿ ಇರುವ ಹಾಗೆ ಒತ್ತಿ. ಸೀಮೆನ್ಸ್‌ನಲ್ಲಿ ಕೋಡ್ ಬೇರೆ (ಜಿ33, ಸೈಕಲ್99), ಆದರೆ ಒಳಗೆ ನಡೆಯುವುದು ಇದೇ.

## ಶುರು ಮಾಡುವ ಮುಂಚೆ ಕೈಯಲ್ಲಿ ಇರಬೇಕಾದ್ದು

ಗೋ ಮತ್ತು ನೋ-ಗೋ (ಹತ್ತಬಾರದ) ರಿಂಗ್ ಗೇಜ್, ಪಿಚ್ ಗೇಜ್, ವರ್ನಿಯರ್, ಡಯಲ್ ಇಂಡಿಕೇಟರ್, 10 ಪಟ್ಟು ದೊಡ್ಡದಾಗಿ ತೋರಿಸುವ ಒಂದು ಲೆನ್ಸ್, ಮಾರ್ಕಿಂಗ್ ಇಂಕ್ ಅಥವಾ ದಪ್ಪ ಮಾರ್ಕರ್ ಪೆನ್, ಪೇಂಟ್ ಮಾರ್ಕರ್, ಒಂದು ಕ್ಯಾಲ್ಕುಲೇಟರ್. ಜೊತೆಗೆ ಅದೇ ಮೆಟೀರಿಯಲ್‌ನ ಒಂದು ತುಂಡು ಬಾರ್, ಪರೀಕ್ಷೆಗೆ. ಲೆನ್ಸ್ ಬಿಡಬೇಡಿ. ಮುಕ್ಕಾಲು ಪಾಲು ತೊಂದರೆಗಳು ಗೀರಿನಲ್ಲೇ ಕಾಣುತ್ತವೆ. ಬರಿಗಣ್ಣಿಗೆ ಕಾಣುವಷ್ಟು ದೊಡ್ಡದಾಗುವ ಹೊತ್ತಿಗೆ ಜಾಬ್ ಹೋಗಿರುತ್ತದೆ.

## ಹಂತ 1: ಎನ್‌ಕೋಡರ್ ನಂಬಬಹುದಾ ನೋಡಿ

ಸ್ಪಿಂಡಲ್ ಎಷ್ಟು ತಿರುಗಿದೆ ಅಂತ ಕಂಟ್ರೋಲ್‌ಗೆ ಹೇಳುವುದು ಪೊಸಿಷನ್ ಎನ್‌ಕೋಡರ್. ಸಾಮಾನ್ಯವಾಗಿ ಇದು ಸುತ್ತಿಗೆ 1024 ಪಲ್ಸ್ ಕೊಡುತ್ತದೆ. ಎರಡು ಚಾನೆಲ್‌ಗಳ ಅಂಚುಗಳನ್ನೂ ಎಣಿಸಿದರೆ ಸುತ್ತಿಗೆ 4096 ಎಣಿಕೆ. ಇದಲ್ಲದೆ ಸುತ್ತಿಗೆ ಒಂದೇ ಸಲ ಬರುವ ಇನ್ನೊಂದು ಪಲ್ಸ್ ಇದೆ, ಇಂಡೆಕ್ಸ್ ಪಲ್ಸ್. ಥ್ರೆಡ್ ಬ್ಲಾಕ್ ಬಂದಾಗ ಕಂಟ್ರೋಲ್ ಈ ಇಂಡೆಕ್ಸ್‌ಗೆ ಕಾಯುತ್ತದೆ. ಅದು ಬಂದ ಕ್ಷಣಕ್ಕೆ ಝಡ್ ಹೊರಡುತ್ತದೆ. ಪ್ರತಿ ಪಾಸ್ ಒಂದೇ ಕೋನದಲ್ಲಿ ಶುರುವಾಗುವುದು ಹೀಗೆ.

ಎಷ್ಟೋ ಲೇತ್‌ಗಳಲ್ಲಿ ಎನ್‌ಕೋಡರ್ ನೇರ ಸ್ಪಿಂಡಲ್ ಮೇಲೆ ಇರುವುದಿಲ್ಲ. ಹೆಡ್‌ಸ್ಟಾಕ್ ಹಿಂದೆ ಹಲ್ಲಿನ ಟೈಮಿಂಗ್ ಬೆಲ್ಟ್‌ನಿಂದ ಓಡುತ್ತದೆ, ಸಾಮಾನ್ಯವಾಗಿ ಒಂದಕ್ಕೊಂದು ಅನುಪಾತದಲ್ಲಿ. ಈ ಬೆಲ್ಟ್ ಸಡಿಲವಾಗಿದ್ದರೆ, ಹಲ್ಲು ಸವೆದಿದ್ದರೆ, ಸ್ಪಿಂಡಲ್ ಜೋರಾಗಿ ನಿಂತಾಗಲೋ ಶುರುವಾದಾಗಲೋ ಒಂದು ಹಲ್ಲು ಹಾರುತ್ತದೆ. ಆ ಕ್ಷಣದಿಂದ ಥ್ರೆಡ್ ಜಾಗ ಬದಲು.

ಮೇನ್ ಸ್ವಿಚ್ ಆಫ್ ಮಾಡಿ, ಹಿಂದಿನ ಕವರ್ ತೆಗೆಯಿರಿ. ಬೆಲ್ಟ್ ಅನ್ನು ಬೆರಳಿನಿಂದ ಒತ್ತಿ ನೋಡಿ. ಎನ್‌ಕೋಡರ್ ಶಾಫ್ಟ್ ಹಿಡಿದು ಆ ಕಡೆ ಈ ಕಡೆ ತಿರುಗಿಸಿ. ಸ್ಪಿಂಡಲ್ ಅಲ್ಲಾಡದೆ ಶಾಫ್ಟ್ ಮಾತ್ರ ತಿರುಗಿದರೆ ಪುಲ್ಲಿಯ ಗ್ರಬ್ ಸ್ಕ್ರೂ ಅಥವಾ ಕಪ್ಲಿಂಗ್ ಸಡಿಲ. ಎರಡೂ ಪುಲ್ಲಿಗಳ ಮೇಲೆ, ಎದುರು ಬದುರು ಬರುವ ಹಾಗೆ, ಪೇಂಟ್ ಮಾರ್ಕರ್‌ನಿಂದ ಒಂದೊಂದು ಗೆರೆ ಎಳೆಯಿರಿ. ಕವರ್ ಹಾಕಿ, ಸ್ಪಿಂಡಲ್ ಅನ್ನು ಹಲವು ಸಲ ಜೋರಾಗಿ ಓಡಿಸಿ, ನಿಲ್ಲಿಸಿ. ಮತ್ತೆ ಪವರ್ ಆಫ್ ಮಾಡಿ, ಚಕ್ ಕೈಯಲ್ಲಿ ತಿರುಗಿಸಿ ನೋಡಿ. ಒಂದಕ್ಕೊಂದು ಅನುಪಾತ ಇದ್ದರೆ ಎರಡು ಗೆರೆಗಳೂ ಮತ್ತೆ ಎದುರು ಬದುರೇ ಬರಬೇಕು. ಒಂದು ಹಲ್ಲಿನಷ್ಟು ಆಚೆ ಈಚೆ ಆಗಿದ್ದರೂ ಬೆಲ್ಟ್ ಹಾರಿದೆ ಅಂತಲೇ ಅರ್ಥ.

ಕೇಬಲ್ ಕಡೆಗೂ ಒಮ್ಮೆ ಕಣ್ಣು ಹಾಯಿಸಿ. ಕನೆಕ್ಟರ್ ಒಳಗೆ ಕೂಲೆಂಟ್ ಹೋಗಿದೆಯಾ, ಶೀಲ್ಡ್ ವೈರ್ ಅರ್ಥ್‌ಗೆ ಸೇರಿದೆಯಾ, ಸ್ಪಿಂಡಲ್ ಮೋಟರ್‌ನ ಪವರ್ ಕೇಬಲ್ ಜೊತೆ ಒಂದೇ ಕಟ್ಟಿನಲ್ಲಿ ಎನ್‌ಕೋಡರ್ ವೈರ್ ಎಳೆದಿದ್ದಾರಾ. ಕೊನೆಯದು ಇದ್ದರೆ ಬೇರೆ ಮಾಡಿಸಿ. ಸುಳ್ಳು ಪಲ್ಸ್‌ಗಳು ಬರುವುದು ಅಲ್ಲಿಂದಲೇ.

ಆಮೇಲೆ ಎಸ್1000 ಕೊಟ್ಟು ಪೊಸಿಷನ್ ಪೇಜ್‌ನಲ್ಲಿ ನಿಜವಾದ ಆರ್‌ಪಿಎಂ ನೋಡಿ. ಒಂದೆರಡು ಅಂಕಿ ಆಡುವುದು ಸಹಜ. ಅಂಕಿ ದಿಢೀರ್ ಅಂತ ಬಿದ್ದು ಏಳುತ್ತಿದ್ದರೆ ಮುಂದಿನ ಹಂತಕ್ಕೆ ಹೋಗಬೇಡಿ. ಮೊದಲು ಅದನ್ನು ಸರಿ ಮಾಡಿಸಿ.

### ಹಳೇ ಲೇತ್‌ಗೆ ಕಂಟ್ರೋಲ್ ಕೂರಿಸಿಕೊಂಡವರಿಗೆ

ಲಿನಕ್ಸ್‌ಸಿಎನ್‌ಸಿ ಹಾಕಿಕೊಂಡಿದ್ದರೆ ಚಕ್ ಅನ್ನು ಕೈಯಲ್ಲಿ ಸರಿಯಾಗಿ 10 ಸುತ್ತು ತಿರುಗಿಸಿ. 1024 ಪಲ್ಸ್‌ನ ಎನ್‌ಕೋಡರ್ ಆದರೆ ಎಣಿಕೆ 40960 ಆಗಬೇಕು. ನೂರಾರು ಎಣಿಕೆ ಕಡಿಮೆ ಬಂದರೆ ಪಲ್ಸ್ ಕಳೆದುಹೋಗುತ್ತಿದೆ. ಸ್ಕೇಲ್ ತಪ್ಪಿದ್ದರೆ ಪಿಚ್ ಪೂರ್ತಿ ತಪ್ಪುತ್ತದೆ. ಸುತ್ತಿಗೆ ಒಂದೇ ಪಲ್ಸ್ ಕೊಡುವ ಸೆನ್ಸಾರ್‌ನಿಂದ ಥ್ರೆಡ್ ಮಾಡಲು ಹೋಗಬೇಡಿ ಅನ್ನುವುದು ನನ್ನ ಸಲಹೆ. ಟೂಲ್ ಕಬ್ಬಿಣಕ್ಕೆ ಬಿದ್ದು ಸ್ಪಿಂಡಲ್ ನಿಧಾನವಾದದ್ದು ಅದಕ್ಕೆ ಮುಂದಿನ ಪಲ್ಸ್ ಬರುವವರೆಗೆ ಗೊತ್ತಾಗುವುದೇ ಇಲ್ಲ. ಅಷ್ಟರಲ್ಲಿ ಕ್ಯಾರೇಜ್ ಹಳೇ ಲೆಕ್ಕದಲ್ಲೇ ಓಡಿರುತ್ತದೆ.

## ಹಂತ 2: ಆರ್‌ಪಿಎಂ ಆರಿಸಿ, ಆರಿಸಿದ ಮೇಲೆ ಮುಟ್ಟಬೇಡಿ

ಝಡ್ ವೇಗ ಅಂದರೆ ಆರ್‌ಪಿಎಂ ಗುಣಿಸು ಲೀಡ್ (ಸ್ಪಿಂಡಲ್ ಒಂದು ಸುತ್ತು ಬಂದಾಗ ಟೂಲ್ ಓಡುವ ದೂರ). ನಮ್ಮ ಜಾಬ್‌ಗೆ 1000 × 2.5, ಅಂದರೆ ನಿಮಿಷಕ್ಕೆ 2500 ಮಿ.ಮೀ. ಈ ಸಂಖ್ಯೆ ನಿಮ್ಮ ಮಷೀನ್‌ನ ಗರಿಷ್ಠ ಕಟಿಂಗ್ ಫೀಡ್‌ಗಿಂತ ಸಾಕಷ್ಟು ಕೆಳಗೆ ಇರಬೇಕು. ಲೀಡ್ ದೊಡ್ಡದಾದಷ್ಟೂ ಆರ್‌ಪಿಎಂ ಇಳಿಸಬೇಕು. 6 ಮಿ.ಮೀ. ಲೀಡ್‌ಗೆ ಇದೇ 1000 ಕೊಟ್ಟರೆ ಕ್ಯಾರೇಜ್ ನಿಮಿಷಕ್ಕೆ 6000 ಓಡಬೇಕಾಗುತ್ತದೆ.

ಕಟಿಂಗ್ ಸ್ಪೀಡ್ ಲೆಕ್ಕದಲ್ಲಿ 20 ಮಿ.ಮೀ. ವ್ಯಾಸಕ್ಕೆ 1000 ಆರ್‌ಪಿಎಂ ಅಂದರೆ ನಿಮಿಷಕ್ಕೆ ಸುಮಾರು 63 ಮೀಟರ್. ಕಾರ್ಬೈಡ್ ಇನ್ಸರ್ಟ್ ಇದಕ್ಕಿಂತ ಜಾಸ್ತಿ ತಡೆಯುತ್ತದೆ, ನಿಜ. ಆದರೆ ಥ್ರೆಡ್‌ನಲ್ಲಿ ಮಿತಿ ಹಾಕುವುದು ಇನ್ಸರ್ಟ್ ಒಂದೇ ಅಲ್ಲ, ಕ್ಯಾರೇಜ್ ವೇಗ ಹಿಡಿಯಲು ಇರುವ ಜಾಗವೂ ಹೌದು. ಅದು ಮುಂದಿನ ಹಂತದಲ್ಲಿ ಬರುತ್ತದೆ.

ಜಿ96 (ಕಟಿಂಗ್ ಸ್ಪೀಡ್ ಒಂದೇ ಇರಲು ವ್ಯಾಸಕ್ಕೆ ತಕ್ಕಂತೆ ಆರ್‌ಪಿಎಂ ಬದಲಿಸುವ ಕೋಡ್) ಬೇಡವೇ ಬೇಡ, ಜಿ97 (ಆರ್‌ಪಿಎಂ ಒಂದೇ ಇಡುವ ಕೋಡ್) ಹಾಕಿ. ಫೇಸಿಂಗ್, ಟರ್ನಿಂಗ್ ಮುಗಿಸಿ ಬರುವಾಗ ಜಿ96 ಚಾಲ್ತಿಯಲ್ಲೇ ಇರುತ್ತದೆ. ಥ್ರೆಡ್ ಟೂಲ್ ಕರೆದ ಮೇಲೆ ಜಿ97 ಬರೆಯಲು ಮರೆತರೆ ವ್ಯಾಸ ಇಳಿದಂತೆಲ್ಲ ಆರ್‌ಪಿಎಂ ಏರುತ್ತಾ ಹೋಗುತ್ತದೆ. 20 ಮಿ.ಮೀ.ನಲ್ಲಿ 1000 ಇದ್ದದ್ದು ಥ್ರೆಡ್‌ನ ಬುಡ 16.93ಕ್ಕೆ ಬರುವ ಹೊತ್ತಿಗೆ 1181 ಆಗಿರುತ್ತದೆ.

### ಆರ್‌ಪಿಎಂ ಬದಲಾದರೆ ಥ್ರೆಡ್ ಯಾಕೆ ಜರುಗುತ್ತದೆ

ಇದನ್ನು ಸ್ವಲ್ಪ ನಿಧಾನವಾಗಿ ಓದಿ. "ಎನ್‌ಕೋಡರ್ ಇದೆಯಲ್ವಾ, ಸ್ಪಿಂಡಲ್ ವೇಗ ಎಷ್ಟಾದರೇನು, ಝಡ್ ಅದರ ಹಿಂದೆ ಹೋಗುತ್ತದೆ" ಅಂತ ಬಹಳ ಜನ ಅಂದುಕೊಂಡಿದ್ದಾರೆ. ಹೋಗುತ್ತದೆ, ಆದರೆ ಸ್ವಲ್ಪ ಹಿಂದೆ ಉಳಿದು ಹೋಗುತ್ತದೆ. ಸರ್ವೋ ಆಕ್ಸಿಸ್ ಯಾವತ್ತೂ ಕೇಳಿದ ಜಾಗಕ್ಕಿಂತ ಒಂದಿಷ್ಟು ಹಿಂದೆಯೇ ಇರುತ್ತದೆ. ಎಷ್ಟು ಹಿಂದೆ ಅನ್ನುವುದು ಅದರ ವೇಗದ ಮೇಲೆ ನಿಂತಿದೆ.

ಸರ್ವೋ ಗೇನ್ ಸೆಕೆಂಡಿಗೆ 30 ಅಂತ ಹಿಡಿದರೆ ಲೆಕ್ಕ ಸುಲಭ: ಲೀಡ್ ಗುಣಿಸು ಆರ್‌ಪಿಎಂ, ಭಾಗಿಸು 1800. ನಮ್ಮ ಜಾಬ್‌ನಲ್ಲಿ 2.5 × 1000 ÷ 1800 = 1.389 ಮಿ.ಮೀ. ಅಂದರೆ ಟೂಲ್ ಇರಬೇಕಾದ ಜಾಗಕ್ಕಿಂತ ಸುಮಾರು 1.39 ಮಿ.ಮೀ. ಹಿಂದೆ ಇದೆ. ಇದರಿಂದ ತೊಂದರೆ ಇಲ್ಲ, ಯಾಕೆಂದರೆ ಎಲ್ಲ ಪಾಸ್‌ಗಳಲ್ಲೂ ಅಷ್ಟೇ ಹಿಂದೆ ಇರುತ್ತದೆ.

ಈಗ ಯಾರೋ ನಡುವೆ ಸ್ಪಿಂಡಲ್ ಓವರ್‌ರೈಡ್ (ಕೊಟ್ಟ ವೇಗವನ್ನು ಶೇಕಡಾ ಲೆಕ್ಕದಲ್ಲಿ ಏರಿಸಿ ಇಳಿಸುವ ನಾಬ್) ಅನ್ನು 120ಕ್ಕೆ ತಿರುಗಿಸಿದರು ಅಂದುಕೊಳ್ಳಿ. 1200 ಆರ್‌ಪಿಎಂನಲ್ಲಿ ಹಿಂದುಳಿಯುವುದು 1.667 ಮಿ.ಮೀ. ವ್ಯತ್ಯಾಸ 0.278 ಮಿ.ಮೀ. ಇಂಡೆಕ್ಸ್ ಸರಿ ಇದೆ, ಪ್ರೋಗ್ರಾಮ್ ಸರಿ ಇದೆ, ಪಿಚ್ ಕೂಡ ಸರಿ ಇದೆ. ಆದರೂ ಹೊಸ ಪಾಸ್ ಹಳೇ ಗೀರಿನಿಂದ ಕಾಲು ಮಿ.ಮೀ.ಗಿಂತ ಜಾಸ್ತಿ ಪಕ್ಕಕ್ಕೆ ಬಿತ್ತು. ಸ್ಪಿಂಡಲ್ ಕೋನದಲ್ಲಿ ಹೇಳಿದರೆ 40 ಡಿಗ್ರಿ. ಆ ಜಾಬ್ ಮತ್ತೆ ಸರಿ ಆಗುವುದಿಲ್ಲ.

ಫೀಡ್ ಫಾರ್ವರ್ಡ್ (ಹಿಂದುಳಿಯುವುದನ್ನು ಮೊದಲೇ ಎಣಿಸಿ ಸರಿದೂಗಿಸುವ ವ್ಯವಸ್ಥೆ) ಆನ್ ಇರುವ ಹೊಸ ಮಷೀನ್‌ಗಳಲ್ಲಿ ಈ ಅಂತರ ಬಹಳ ಕಡಿಮೆ. ನಿಮ್ಮದರಲ್ಲಿ ಎಷ್ಟು ಅಂತ 5ನೇ ಹಂತದಲ್ಲಿ ನೀವೇ ಅಳೆಯುತ್ತೀರಿ. ಅಲ್ಲಿಯವರೆಗೆ ಒಂದು ನಿಯಮ ಇಟ್ಟುಕೊಳ್ಳಿ: ರಫ್ ಪಾಸ್, ಫಿನಿಶ್ ಪಾಸ್, ಗೇಜ್ ಹಾಕಿ ನೋಡಿದ ಮೇಲಿನ ಪಾಸ್, ಎಲ್ಲವೂ ಒಂದೇ ಆರ್‌ಪಿಎಂನಲ್ಲಿ. "ಫಿನಿಶಿಂಗ್‌ಗೆ ಸ್ವಲ್ಪ ಸ್ಪೀಡ್ ಏರಿಸೋಣ" ಅನ್ನುವ ಆಸೆ ಟರ್ನಿಂಗ್‌ಗೆ ಸರಿ, ಇಲ್ಲಿ ಬೇಡ.

## ಹಂತ 3: ಓಟಕ್ಕೆ ಜಾಗ ಬಿಡಿ

ಓಡುತ್ತಿರುವ ಬಸ್ ಹತ್ತುವವನು ಮೊದಲು ನಾಲ್ಕು ಹೆಜ್ಜೆ ಬಸ್ ಜೊತೆ ಓಡಿ ಅದರ ವೇಗ ಹಿಡಿಯುತ್ತಾನೆ. ಕ್ಯಾರೇಜ್‌ಗೂ ಹಾಗೇ ಜಾಗ ಬೇಕು. ನಿಂತಲ್ಲಿಂದ ನಿಮಿಷಕ್ಕೆ 2500 ಮಿ.ಮೀ. ವೇಗ ಒಮ್ಮೆಲೇ ಬರುವುದಿಲ್ಲ. ವೇಗ ಹಿಡಿಯುವ ಮುಂಚೆ ಟೂಲ್ ಜಾಬ್‌ಗೆ ತಾಗಿದರೆ ಮೊದಲ ಒಂದೆರಡು ಥ್ರೆಡ್‌ಗಳ ಪಿಚ್ ಚಿಕ್ಕದಾಗುತ್ತದೆ.

ಮುಂದೆ ಎಷ್ಟು ಜಾಗ ಬೇಕು? ಲೀಡ್‌ನಲ್ಲಿ ನೂರಕ್ಕೆ ಒಂದರಷ್ಟು ತಪ್ಪು ನಡೆಯುತ್ತದೆ ಅಂದರೆ, ಹಿಂದಿನ ಲೆಕ್ಕದ ಉತ್ತರವನ್ನು 3.605ರಿಂದ ಗುಣಿಸಿ. 1.389 × 3.605 = ಸುಮಾರು 5 ಮಿ.ಮೀ. ಇದು ಕನಿಷ್ಠ. ನಾನು ಇದರ ಎರಡು ಪಟ್ಟು ಬಿಡುತ್ತೇನೆ, ಯಾಕೆಂದರೆ ಈ ಸೂತ್ರ ಸರ್ವೋ ಹಿಂದುಳಿಯುವುದನ್ನು ಮಾತ್ರ ಎಣಿಸುತ್ತದೆ. ವೇಗ ಏರಲು ಮಷೀನ್ ತಯಾರಕರು ಇಟ್ಟ ಸಮಯ ಅದರಲ್ಲಿ ಇಲ್ಲ. ಹಾಗಾಗಿ ನಮ್ಮ ಜಾಬ್‌ಗೆ ಶುರು ಝಡ್10.0.

ಆರ್‌ಪಿಎಂ ಏರಿಸಿದರೆ ಈ ಜಾಗವೂ ಅದೇ ಪ್ರಮಾಣದಲ್ಲಿ ಏರುತ್ತದೆ. 2000ಕ್ಕೆ ಹೋದರೆ ಕನಿಷ್ಠವೇ 10 ಮಿ.ಮೀ. ಆಯಿತು. ಟೇಲ್‌ಸ್ಟಾಕ್ ಸೆಂಟರ್ ಕೊಟ್ಟ ಜಾಬ್‌ಗಳಲ್ಲಿ ಅಷ್ಟು ಜಾಗ ಸಿಗುವುದಿಲ್ಲ. ಆಗ ಟೂಲ್ ಅನ್ನು ಒಳಗೆ ತುರುಕುವ ಬದಲು ಆರ್‌ಪಿಎಂ ಇಳಿಸಿ.

ಹಿಂದಿನ ತುದಿಯಲ್ಲಿ ನಿಲ್ಲಲೂ ಜಾಗ ಬೇಕು, ನಮ್ಮ ಲೆಕ್ಕದಲ್ಲಿ ಕನಿಷ್ಠ 1.39 ಮಿ.ಮೀ. ರಿಲೀಫ್ ಗ್ರೂವ್ (ಥ್ರೆಡ್ ಮುಗಿಯುವಲ್ಲಿ ಟೂಲ್ ನಿಲ್ಲಲು ಕೊರೆದ ಗಾಡಿ) ಇದ್ದರೆ ಪಿಚ್‌ನ ಎರಡು ಪಟ್ಟಾದರೂ ಅಗಲ ಇರಲಿ. ಗ್ರೂವ್ ಇಲ್ಲದಿದ್ದರೆ ಟೂಲ್ ಓರೆಯಾಗಿ ಹೊರಬರುವ ಹಾಗೆ ಚಾಂಫರ್ ಕೊಡಬೇಕು.

ಟೇಪರ್ ಥ್ರೆಡ್ ಮಾಡುವವರಿಗೆ ಒಂದು ಮಾತು. ಆರ್ ಬೆಲೆಯನ್ನು (ಶುರುವಿಗೂ ಕೊನೆಗೂ ತ್ರಿಜ್ಯದಲ್ಲಿ ಇರುವ ವ್ಯತ್ಯಾಸ) ಥ್ರೆಡ್ ಉದ್ದಕ್ಕೆ ಮಾತ್ರ ಲೆಕ್ಕ ಹಾಕಬೇಡಿ, ಓಟದ ಜಾಗವನ್ನೂ ಸೇರಿಸಿ. 1:16 ಟೇಪರ್, ಥ್ರೆಡ್ ಉದ್ದ 20, ಓಟ 8 ಅಂದರೆ ಒಟ್ಟು 28. ತ್ರಿಜ್ಯದಲ್ಲಿ 0.875. ಬರೀ 20ಕ್ಕೆ ಹಾಕಿದರೆ 0.625 ಬರುತ್ತದೆ, ಟೇಪರ್ ಪೂರ್ತಿ ತಪ್ಪುತ್ತದೆ. ಚಕ್ ಕಡೆಗೆ ವ್ಯಾಸ ದೊಡ್ಡದಾಗುವ ಹೊರ ಥ್ರೆಡ್‌ಗೆ ಇದರ ಮುಂದೆ ಮೈನಸ್ ಬರುತ್ತದೆ.

## ಹಂತ 4: ಜಾಬ್ ಮತ್ತು ಟೂಲ್ ತಯಾರಿ

ಎಂ20×2.5, 6ಜಿ ಟಾಲರೆನ್ಸ್‌ಗೆ ಹೊರ ವ್ಯಾಸ 19.623ರಿಂದ 19.958ರ ಒಳಗೆ ಇರಬೇಕು. 19.8ಕ್ಕೆ ಟರ್ನ್ ಮಾಡಿ, ಮುಂದಿನ ಅಂಚಿಗೆ ಚಾಂಫರ್ ಕೊಡಿ. ಸರಿಯಾಗಿ 20.00 ಇಟ್ಟು ಆಮೇಲೆ ಗೇಜ್ ಹತ್ತುತ್ತಿಲ್ಲ ಅಂತ ಥ್ರೆಡ್ ಅನ್ನು ಬೈಯುವವರು ಕಡಿಮೆ ಇಲ್ಲ.

ಇನ್ಸರ್ಟ್ 60 ಡಿಗ್ರಿಯದು, ಪಿಚ್‌ಗೆ ತಕ್ಕದ್ದು. ತುದಿ ಸೆಂಟರ್ ಎತ್ತರದಲ್ಲಿ ಇರಲಿ. ಹೋಲ್ಡರ್ ಟರೆಟ್‌ನಲ್ಲಿ ಅಲ್ಲಾಡಬಾರದು. ಜಾಬ್ ಚಕ್‌ನಲ್ಲಿ ಜಾರಿದರೂ ಕೋನ ತಪ್ಪುತ್ತದೆ, ಆಗ ಎನ್‌ಕೋಡರ್ ಎಷ್ಟೇ ಚೆನ್ನಾಗಿದ್ದರೂ ಪ್ರಯೋಜನ ಇಲ್ಲ. ಬಾರ್ ಮೇಲೂ ಚಕ್‌ನ ಜಾ (ಜಾಬ್ ಹಿಡಿಯುವ ದವಡೆ) ಮೇಲೂ ಒಂದೇ ಗೆರೆ ಬರುವಂತೆ ಮಾರ್ಕರ್ ಎಳೆದಿಟ್ಟರೆ ಜಾರಿದ್ದು ತಕ್ಷಣ ಗೊತ್ತಾಗುತ್ತದೆ.

## ಹಂತ 5: ಗೀರು ಪರೀಕ್ಷೆ

ಇಡೀ ಮಾರ್ಗದರ್ಶಿಯಲ್ಲಿ ಒಂದೇ ಹಂತ ಮಾಡಲು ಸಮಯ ಇದೆ ಅಂದರೆ ಇದನ್ನು ಮಾಡಿ. ಬಾರ್ ತುಂಡನ್ನು 19.8ಕ್ಕೆ ಟರ್ನ್ ಮಾಡಿ, ಇಂಕ್ ಬಳಿದು ಒಣಗಲು ಬಿಡಿ. ಆಮೇಲೆ ಆಳ ಏರಿಸದೆ, ಒಂದೇ ವ್ಯಾಸದಲ್ಲಿ ಹಲವು ಪಾಸ್ ಓಡಿಸಿ (ಜಿ92 ಸಾಲು ಒಂದು ಥ್ರೆಡ್ ಪಾಸ್, ಅದರ ಕೆಳಗಿನ ಪ್ರತಿ ಎಕ್ಸ್ ಸಾಲು ಇನ್ನೊಂದು ಪಾಸ್):

ಜಿ97 ಎಸ್1000 ಎಂ03
ಜಿ00 ಎಕ್ಸ್24.0 ಝಡ್10.0
ಜಿ04 ಯು2.0
ಜಿ92 ಎಕ್ಸ್19.7 ಝಡ್-30.0 ಎಫ್2.5
ಎಕ್ಸ್19.7
ಎಕ್ಸ್19.7
ಎಕ್ಸ್19.7
ಜಿ00 ಎಕ್ಸ್100.0 ಝಡ್100.0
ಎಂ05

ಟೂಲ್ ಬರೀ 0.05 ಮಿ.ಮೀ. ಆಳದ ಗೀರು ಎಳೆಯುತ್ತದೆ. ಜಿ04 ಸಾಲು ಯಾಕೆ ಅಂದರೆ, ಸ್ಪಿಂಡಲ್ ಪೂರ್ತಿ ವೇಗಕ್ಕೆ ಬರುವ ಮುಂಚೆ ಮೊದಲ ಪಾಸ್ ಹೊರಡಬಾರದು. ಹೊರಟರೆ ಮೊದಲ ಪಾಸ್ ಒಂದು ಕಡೆ, ಉಳಿದವು ಇನ್ನೊಂದು ಕಡೆ ಬೀಳುತ್ತವೆ. ವೇಗ ತಲುಪಿತು ಅನ್ನುವ ಸಿಗ್ನಲ್‌ಗೆ ಕಾಯುವ ಮಷೀನ್‌ಗಳೂ ಇವೆ. ಎರಡು ಸೆಕೆಂಡ್ ಕಾಯುವುದರಿಂದ ಹೇಗೂ ನಷ್ಟ ಇಲ್ಲ.

ಸ್ಪಿಂಡಲ್ ನಿಂತ ಮೇಲೆ ಲೆನ್ಸ್ ಹಿಡಿದು ನೋಡಿ. ಇಂಕ್ ಮಧ್ಯೆ ಹೊಳೆಯುವ ಗೆರೆ ಒಂದೇ ಇರಬೇಕು, ಶುರುವಿನಿಂದ ಕೊನೆವರೆಗೂ ಒಂದೇ ದಪ್ಪ, ಅಂಚುಗಳು ಚೂಪು. ಗೀರಿನ ಒಳಗೆ ಇನ್ನೊಂದು ಸಣ್ಣ ಮೆಟ್ಟಿಲು ಕಂಡರೂ ಪಾಸ್‌ಗಳು ಒಂದರ ಮೇಲೊಂದು ಬಿದ್ದಿಲ್ಲ.

ಗೀರು ಹೇಳುವುದನ್ನು ಹೀಗೆ ಓದಿ:

- ಎರಡು ಗೆರೆ, ಉದ್ದಕ್ಕೂ ಒಂದೇ ಅಂತರ: ಪಾಸ್‌ಗಳ ನಡುವೆ ಆರ್‌ಪಿಎಂ ಬದಲಾಗಿದೆ, ಇಲ್ಲವೇ ಬೆಲ್ಟ್ ಹಲ್ಲು ಹಾರಿದೆ, ಇಲ್ಲವೇ ಜಾಬ್ ಜಾರಿದೆ.
- ಪ್ರತಿ ಪಾಸ್ ಮನಸ್ಸಿಗೆ ಬಂದ ಕಡೆ: ಇಂಡೆಕ್ಸ್ ಪಲ್ಸ್ ಸರಿಯಾಗಿ ಬರುತ್ತಿಲ್ಲ, ಅಥವಾ ಎನ್‌ಕೋಡರ್ ಕಪ್ಲಿಂಗ್ ಜಾರುತ್ತಿದೆ.
- ಶುರುವಿನಲ್ಲಿ ಒಂದು, ಚಕ್ ಕಡೆ ಹೋದಂತೆ ಅಗಲ: ಓಟದ ಮಧ್ಯೆ ಪಲ್ಸ್ ಕಳೆಯುತ್ತಿದೆ ಅಥವಾ ಸುಳ್ಳು ಪಲ್ಸ್ ಸೇರುತ್ತಿದೆ.

ಓಟದ ಜಾಗ ಕಡಿಮೆ ಇದ್ದರೆ ಮಾತ್ರ ಈ ಪರೀಕ್ಷೆಯಲ್ಲಿ ಸಿಕ್ಕಿಬೀಳುವುದಿಲ್ಲ. ಯಾಕೆಂದರೆ ಆ ತಪ್ಪು ಎಲ್ಲ ಪಾಸ್‌ಗಳಲ್ಲೂ ಒಂದೇ ಥರ ಆಗುತ್ತದೆ, ಗೆರೆ ಒಂದೇ ಕಾಣುತ್ತದೆ. ಅದಕ್ಕೆ ವರ್ನಿಯರ್ ತೆಗೆದುಕೊಳ್ಳಿ. ಮಧ್ಯದಲ್ಲಿ 10 ಥ್ರೆಡ್ ಎಣಿಸಿ, 25.0 ಮಿ.ಮೀ. ಬರಬೇಕು. ಆಮೇಲೆ ಪಿಚ್ ಗೇಜ್ ಅನ್ನು ಮೊದಲ ಮೂರು ಗೀರುಗಳ ಮೇಲೆ ಇಟ್ಟು ಬೆಳಕಿಗೆ ಹಿಡಿಯಿರಿ. ಅಲ್ಲಿ ಮಾತ್ರ ಕೂರದಿದ್ದರೆ ಓಟಕ್ಕೆ ಜಾಗ ಸಾಲದು.

ಕೊನೆಗೆ ಅದೇ ಬಾರ್‌ನಲ್ಲಿ ಆರ್‌ಪಿಎಂ ಮಾತ್ರ 800ಕ್ಕೆ ಇಳಿಸಿ ಇನ್ನೊಂದು ಪಾಸ್ ಓಡಿಸಿ. ಹೊಸ ಗೆರೆ ಹಳೇದರ ಪಕ್ಕದಲ್ಲಿ, ಚಕ್ ಕಡೆಗೆ ಬೀಳುತ್ತದೆ. 2ನೇ ಹಂತದ ಲೆಕ್ಕದ ಪ್ರಕಾರ ಅಂತರ 0.278 ಮಿ.ಮೀ. ಇರಬೇಕು. ನಿಮ್ಮದು ಅದಕ್ಕಿಂತ ಬಹಳ ಕಡಿಮೆ ಬಂದರೆ ಫೀಡ್ ಫಾರ್ವರ್ಡ್ ಕೆಲಸ ಮಾಡುತ್ತಿದೆ. ಬಂದ ಅಂತರವನ್ನು ಬರೆದು ಮಷೀನ್ ಪಕ್ಕ ಅಂಟಿಸಿ. ಓವರ್‌ರೈಡ್ ನಾಬ್ ಮುಟ್ಟಬೇಡ ಅಂತ ನೂರು ಸಲ ಹೇಳುವುದಕ್ಕಿಂತ ಆ ಎರಡು ಗೆರೆ ತೋರಿಸಿದರೆ ಹುಡುಗರಿಗೆ ಚೆನ್ನಾಗಿ ಅರ್ಥವಾಗುತ್ತದೆ.

## ಹಂತ 6: ಈಗ ಆಳ ಕೊಡಿ

ಎಂ20×2.5ಕ್ಕೆ ಥ್ರೆಡ್ ಎತ್ತರ 0.6134 × 2.5 = 1.534 ಮಿ.ಮೀ. ಬುಡದ ವ್ಯಾಸ 16.93. ಎಲ್ಲ ಪಾಸ್‌ಗಳ ಆಳವನ್ನು ತಾನೇ ಹಂಚಿ ಓಡಿಸುವ ಥ್ರೆಡ್ ಸೈಕಲ್, ಎರಡು ಸಾಲಿನ ಜಿ76, ಹೀಗೆ ಬರುತ್ತದೆ:

ಜಿ97 ಎಸ್1000 ಎಂ03
ಜಿ00 ಎಕ್ಸ್24.0 ಝಡ್10.0 ಎಂ08
ಜಿ04 ಯು2.0
ಜಿ76 ಪಿ020060 ಕ್ಯೂ100 ಆರ್0.05
ಜಿ76 ಎಕ್ಸ್16.93 ಝಡ್-30.0 ಪಿ1534 ಕ್ಯೂ350 ಎಫ್2.5

ಮೊದಲ ಸಾಲಿನ ಪಿ ಮೂರು ಜೋಡಿ ಅಂಕಿ: 02 ಅಂದರೆ ಫಿನಿಶಿಂಗ್ ಎರಡು ಸಲ, 00 ಅಂದರೆ ಕೊನೆಯಲ್ಲಿ ಚಾಂಫರ್ ಇಲ್ಲ (ನಮ್ಮ ಜಾಬ್‌ನಲ್ಲಿ ರಿಲೀಫ್ ಗ್ರೂವ್ ಇದೆ ಅಂತ ಹಿಡಿದು), 60 ಅಂದರೆ ಇನ್ಸರ್ಟ್ ಕೋನ. ಗ್ರೂವ್ ಇಲ್ಲದಿದ್ದರೆ ನಡುವಿನ ಜೋಡಿಯನ್ನು 10 ಮಾಡಿ, ಒಂದು ಲೀಡ್ ಉದ್ದದ ಚಾಂಫರ್ ಬರುತ್ತದೆ. ಕ್ಯೂ100 ಅಂದರೆ ಯಾವ ಪಾಸ್ ಕೂಡ 0.1 ಮಿ.ಮೀ.ಗಿಂತ ಕಡಿಮೆ ಆಳ ತೆಗೆದುಕೊಳ್ಳಬಾರದು. ಆರ್0.05 ಫಿನಿಶಿಂಗ್‌ಗೆ ಉಳಿಸಿದ್ದು. ಎರಡನೇ ಸಾಲಿನ ಪಿ1534 ಮತ್ತು ಕ್ಯೂ350 ಮೈಕ್ರಾನ್‌ನಲ್ಲಿ, ಡೆಸಿಮಲ್ ಹಾಕಬೇಡಿ. ಈ ಬೆಲೆಗಳಿಗೆ ಸುಮಾರು 12 ರಫ್ ಪಾಸ್ ಆಗುತ್ತವೆ.

ಮೊದಲ ಪಾಸ್ ಅನ್ನು ದುರಾಸೆಯಿಂದ ಆಳ ಮಾಡಬೇಡಿ. ಟೂಲ್ ತಾಗಿದ ಕೂಡಲೇ ಸ್ಪಿಂಡಲ್ ಕುಸಿಯುತ್ತದೆ, ವೇಗ ಮತ್ತೆ ಏರುವ ಹೊತ್ತಿಗೆ ನಾಲ್ಕು ಥ್ರೆಡ್ ದಾಟಿರುತ್ತದೆ. ಅಷ್ಟು ದೂರ ಟೂಲ್ ಹಿಂದುಳಿಯುವ ಅಳತೆಯೂ ಏರಿಳಿಯುತ್ತದೆ. ಲೋಡ್ ಮೀಟರ್ ಜಿಗಿಯುತ್ತಿದ್ದರೆ ಕ್ಯೂ350 ಅನ್ನು 300ಕ್ಕೆ ಇಳಿಸಿ.

ಎಫ್‌ನಲ್ಲಿ ಬರಬೇಕಾದ್ದು ಲೀಡ್. ಒಂದೇ ಸ್ಟಾರ್ಟ್, ಅಂದರೆ ಜಾಬ್ ಮೇಲೆ ಒಂದೇ ಥ್ರೆಡ್ ಗೀರು ಸುತ್ತಿದ್ದರೆ, ಲೀಡ್, ಪಿಚ್ ಎರಡೂ ಒಂದೇ. ಎರಡು ಸ್ಟಾರ್ಟ್, ಪಿಚ್ 2 ಆದರೆ ಎಫ್4.0. ಎರಡನೇ ಸ್ಟಾರ್ಟ್‌ಗೆ ಜಿ92ರಲ್ಲಿ ಕ್ಯೂ180000 ಹಾಕಿ, ಆ ಸ್ಟಾರ್ಟ್‌ನ ಪ್ರತಿ ಸಾಲಿನಲ್ಲೂ ಹಾಕಬೇಕು. ಇಲ್ಲದಿದ್ದರೆ ಅದು ಸೊನ್ನೆ ಅಂತ ತೆಗೆದುಕೊಂಡು ಮೊದಲ ಸ್ಟಾರ್ಟ್ ಮೇಲೆಯೇ ಓಡುತ್ತದೆ. ಜಿ76ರಲ್ಲಿ ಕ್ಯೂಗೆ ಬೇರೆ ಕೆಲಸ ಇದೆ. ಅಲ್ಲಿ ಶುರು ಝಡ್ ಅನ್ನು ಒಂದು ಪಿಚ್‌ನಷ್ಟು, ಅಂದರೆ 2 ಮಿ.ಮೀ. ಜರುಗಿಸಿ.

ಇಂಚು ಥ್ರೆಡ್‌ಗಳಲ್ಲಿ ದಶಾಂಶ ನುಂಗಬೇಡಿ. ಅರ್ಧ ಇಂಚಿನ ಬಿಎಸ್‌ಪಿಗೆ (ಬ್ರಿಟಿಷ್ ಪೈಪ್ ಥ್ರೆಡ್) ಇಂಚಿಗೆ 14 ಥ್ರೆಡ್, ಎಫ್1.8143. ಸುಮ್ನೆ 1.81 ಅಂತ ಹಾಕಿದರೆ ಒಂದು ಇಂಚಿನಲ್ಲಿ 0.06 ಮಿ.ಮೀ. ತಪ್ಪು ಸೇರುತ್ತದೆ. ಬಿಎಸ್‌ಪಿಗೆ ಇನ್ಸರ್ಟ್ ಕೂಡ 55 ಡಿಗ್ರಿಯದು.

### ಓಡುವಾಗ ಕೈ ಎಲ್ಲಿರಬೇಕು

ಥ್ರೆಡ್ ಸಾಲು ಓಡುತ್ತಿರುವಾಗ ಫೀಡ್ ಓವರ್‌ರೈಡ್ ಕೆಲಸ ಮಾಡುವುದಿಲ್ಲ, 100ಕ್ಕೇ ನಿಂತಿರುತ್ತದೆ. ಫೀಡ್ ಹೋಲ್ಡ್ ಒತ್ತಿದರೂ ಟೂಲ್ ಅಲ್ಲೇ ನಿಲ್ಲುವುದಿಲ್ಲ. ಥ್ರೆಡ್ ರಿಟ್ರ್ಯಾಕ್ಟ್ ಆಪ್ಷನ್ ಇದ್ದರೆ ಹೊರಗೆ ಎಳೆದುಕೊಳ್ಳುತ್ತದೆ, ಇಲ್ಲದಿದ್ದರೆ ಆ ಪಾಸ್ ಮುಗಿಸಿಯೇ ನಿಲ್ಲುತ್ತದೆ. ಆದ್ದರಿಂದ ಝಡ್ ಕೊನೆಗೂ ಚಕ್‌ನ ದವಡೆಗೂ ನಡುವೆ ಅಂತರ ಇದೆಯಾ ಅಂತ ಮೊದಲೇ ನೋಡಿ. ತೊಂದರೆ ಕಂಡ ಮೇಲೆ ಫೀಡ್ ಹೋಲ್ಡ್ ನಂಬಿ ಉಳಿಸಿಕೊಳ್ಳಲು ಆಗುವುದಿಲ್ಲ. ಅಪಾಯ ಅನ್ನಿಸಿದರೆ ಎಮರ್ಜೆನ್ಸಿ ಒತ್ತಲು ಹಿಂದೆ ಮುಂದೆ ನೋಡಬೇಡಿ, ಜಾಬ್ ಮತ್ತು ಇನ್ಸರ್ಟ್ ಹೋದರೆ ಹೋಗಲಿ.

ಸ್ಪಿಂಡಲ್ ಓವರ್‌ರೈಡ್ ಎಲ್ಲ ಮಷೀನ್‌ಗಳಲ್ಲೂ ಲಾಕ್ ಆಗಿರುವುದಿಲ್ಲ. ನಾಬ್ 100ರಲ್ಲಿ ಇಟ್ಟು ಕೈ ದೂರ ಇಡಿ. ಡ್ರೈ ರನ್ ಸ್ವಿಚ್ ಆನ್ ಉಳಿದಿದೆಯಾ ಅಂತಲೂ ನೋಡಿ, ಕಟಿಂಗ್‌ನಲ್ಲಿ ಅದು ಲೀಡ್ ಅನ್ನೇ ಕೆಡಿಸುತ್ತದೆ. ಸುತ್ತುತ್ತಿರುವ ಥ್ರೆಡ್‌ಗೆ ಬಟ್ಟೆಯನ್ನಾಗಲಿ, ಗ್ಲೌಸ್ ಹಾಕಿದ ಕೈಯನ್ನಾಗಲಿ ಒಡ್ಡಬೇಡಿ. ಚಿಪ್ಸ್ ತೆಗೆಯುವುದು ಸ್ಪಿಂಡಲ್ ನಿಂತ ಮೇಲೆಯೇ.

## ಹಂತ 7: ಗೇಜ್ ಹಾಕಿ, ಎಕ್ಸ್ ಮಾತ್ರ ತಿದ್ದಿ

ಜಾಬ್ ಚಕ್‌ನಲ್ಲಿ ಇರುವಾಗಲೇ ಗೇಜ್ ಹಾಕಿ. ಬಿಚ್ಚಿದ ಕ್ಷಣಕ್ಕೆ ಜಾಬ್‌ಗೂ ಎನ್‌ಕೋಡರ್‌ಗೂ ಇದ್ದ ಕೋನದ ಸಂಬಂಧ ಮುಗಿಯಿತು. ಗೋ ಗೇಜ್ ಎಲ್ಲ ಕಡೆ ಒಂದೇ ಬಿಗಿಯಲ್ಲಿ ತಡೆದರೆ ಆಳ ಸಾಲದು. ಎಕ್ಸ್ ವೇರ್‌ನಲ್ಲಿ (ವ್ಯಾಸದ ದಿಕ್ಕಿನಲ್ಲಿ ಟೂಲ್ ತಿದ್ದುವ ಆಫ್‌ಸೆಟ್) 0.05 ಇಳಿಸಿ ಪೂರ್ತಿ ಸೈಕಲ್ ಮತ್ತೆ ಓಡಿಸಿ.

ಝಡ್ ವೇರ್ ಮುಟ್ಟಬೇಡಿ. ಅಲ್ಲಿ 0.1 ಬದಲಾದರೆ ಟೂಲ್ ಗೀರಿನಿಂದ 0.1 ಪಕ್ಕಕ್ಕೆ ಹೋಗಿ ಒಂದೇ ಮೈಯನ್ನು ಕೆರೆಯುತ್ತದೆ. ವರ್ಕ್ ಆಫ್‌ಸೆಟ್‌ಗೂ ಶುರು ಝಡ್‌ಗೂ ಇದೇ ಮಾತು. ಶುರು ಝಡ್ ಬದಲಿಸಲೇಬೇಕು ಅಂದರೆ ಪೂರ್ತಿ ಲೀಡ್ ಲೆಕ್ಕದಲ್ಲಿ ಬದಲಿಸಿ: ಝಡ್10.0 ಹೋಗಿ ಝಡ್12.5 ಆಗಬಹುದು, ಝಡ್12.0 ಆಗಬಾರದು.

ಗೇಜ್ ಎರಡು ಸುತ್ತು ಹತ್ತಲು ಕಷ್ಟಪಟ್ಟು ಆಮೇಲೆ ಸಲೀಸಾಗಿ ಹೋದರೆ ಓಟದ ಜಾಗ ಕಡಿಮೆ, 3ನೇ ಹಂತಕ್ಕೆ ಹಿಂತಿರುಗಿ. ಸಲೀಸಾಗಿ ಹತ್ತಿ, ಹೋದಂತೆ ಹೋದಂತೆ ಬಿಗಿಯಾದರೆ ಲೀಡ್ ತಪ್ಪಿದೆ, ಇಲ್ಲವೇ ಜಾಬ್ ಟೇಪರ್ ಬಂದಿದೆ. ವ್ಯಾಸವನ್ನು ಎರಡು ತುದಿಯಲ್ಲಿ ಅಳೆದರೆ ಯಾವುದು ಅಂತ ತಿಳಿಯುತ್ತದೆ. ಗೋ ಹತ್ತುತ್ತಿಲ್ಲ ಅಂತ ಎಕ್ಸ್ ಇಳಿಸುತ್ತಾ ಹೋಗಿ ನೋ-ಗೋ ಕೂಡ ಹತ್ತುವಷ್ಟು ತೆಳ್ಳಗೆ ಮಾಡಿಬಿಡುವುದು ಬಹಳ ಕಡೆ ನಡೆಯುತ್ತದೆ. ಪಿಚ್ ತಪ್ಪಿದ ಥ್ರೆಡ್‌ಗೆ ಎಕ್ಸ್ ಮದ್ದಲ್ಲ.

## ಹಂತ 8: ನಡುವೆ ಇನ್ಸರ್ಟ್ ಮುರಿದರೆ, ಬಿಚ್ಚಿದ ಜಾಬ್ ಮತ್ತೆ ಕಟ್ಟಬೇಕಾದರೆ

ಹೊಸ ಇನ್ಸರ್ಟ್ ತುದಿ ಹಳೇದರ ಜಾಗದಲ್ಲೇ ಕೂರುತ್ತದೆ ಅಂತ ನಂಬಬೇಡಿ. ಬಿಚ್ಚಿ ಕಟ್ಟಿದ ಜಾಬ್ ಆದರೆ ಕೋನವೂ ಹೋಗಿದೆ. ಎರಡಕ್ಕೂ ದಾರಿ ಒಂದೇ.

1. ಜಾಬ್ ಬಿಗಿಯಾಗಿ ಕಟ್ಟಿ, ಡಯಲ್ ಹಾಕಿ ರನ್‌ಔಟ್ ನೋಡಿ. ಥ್ರೆಡ್ ತಲೆಗಳ ಮೇಲೆ ಇಂಕ್ ಬಳಿಯಿರಿ.

2. ಮೊದಲು ಓಡಿಸಿದ್ದ ಆರ್‌ಪಿಎಂನಲ್ಲೇ, ಅದೇ ಝಡ್10.0ರಿಂದ ಜಿ92 ಒಂದು ಪಾಸ್ ಓಡಿಸಿ. ಎಕ್ಸ್ ಬೆಲೆ ಥ್ರೆಡ್ ತಲೆಗೆ ಸೋಕುವಷ್ಟು ಮಾತ್ರ, 19.75ರ ಆಸುಪಾಸು. ಪರೀಕ್ಷೆಗೆ ಅಂತ ಆರ್‌ಪಿಎಂ ಇಳಿಸಿದರೆ ಅಳತೆ ಪೂರ್ತಿ ಸುಳ್ಳಾಗುತ್ತದೆ, 2ನೇ ಹಂತದ ಲೆಕ್ಕ ನೆನಪಿರಲಿ.

3. ಗೀರು ಎಲ್ಲೂ ಕಾಣದಿದ್ದರೆ ಟೂಲ್ ಹಳೇ ಕಣಿವೆಯೊಳಗೇ ಹೋಗಿದೆ. ಝಡ್ ಅನ್ನು ಅರ್ಧ ಪಿಚ್, ಅಂದರೆ 1.25 ಜರುಗಿಸಿ ಮತ್ತೆ ಓಡಿಸಿ. ಆಗ ತಲೆ ಮೇಲೆ ಗೀರು ಬೀಳುತ್ತದೆ. ಈ ಜರುಗಿಸಿದ್ದನ್ನು ಲೆಕ್ಕದಲ್ಲಿ ಇಟ್ಟುಕೊಳ್ಳಿ.

4. ಗೀರಿನ ನಡುವಿನಿಂದ ಹಳೇ ಕಣಿವೆಯ ನಡುವಿಗೆ ಎಷ್ಟು ದೂರ ಅಂತ ಅಳೆಯಿರಿ. ಬೇರೆ ಬೇರೆ ಎರಡು ಮೂರು ಥ್ರೆಡ್‌ಗಳಲ್ಲಿ ಅಳೆದು ಹೋಲಿಸಿ. ಆ ದೂರವನ್ನು ಟೂಲ್‌ನ ಝಡ್ ಆಫ್‌ಸೆಟ್‌ಗೆ ಸೇರಿಸಿ. ಕಣಿವೆ ಚಕ್ ಕಡೆ ಇದ್ದರೆ ಮೈನಸ್, ಟೇಲ್‌ಸ್ಟಾಕ್ ಕಡೆ ಇದ್ದರೆ ಪ್ಲಸ್.

5. ಈಗ ಕಣಿವೆಯ ಒಳಗೆ ಇಂಕ್ ಬಳಿದು, ಆಳಕ್ಕೆ ಇನ್ನೂ 0.3 ಮಿ.ಮೀ. ಇರುವ ಹಾಗೆ ಒಂದು ಪಾಸ್ ಓಡಿಸಿ. ಇಂಕ್ ಎಲ್ಲೂ ಹೋಗದಿದ್ದರೆ ಎಕ್ಸ್ ಅನ್ನು ಸ್ವಲ್ಪ ಸ್ವಲ್ಪ ಇಳಿಸಿ. ಇಂಕ್ ಎರಡು ಮೈಯಲ್ಲೂ ಒಟ್ಟಿಗೆ ಅಳಿಸತೊಡಗಿದರೆ ಜಾಗ ಸಿಕ್ಕಿತು. ಒಂದೇ ಮೈಯಲ್ಲಿ ಅಳಿಸಿದರೆ ಆ ಮೈಯಿಂದ ದೂರಕ್ಕೆ ಝಡ್ ಅನ್ನು 0.02, 0.03ರಷ್ಟು ತಿದ್ದಿ.

6. ಎರಡೂ ಮೈ ತಾಗಿದ ಮೇಲೆ ಪೂರ್ತಿ ಆಳಕ್ಕೆ ಹೋಗಿ, ಗೇಜ್ ಹಾಕಿ. ಜಾಬ್ ಮುಗಿದ ಕೂಡಲೇ ಝಡ್ ಆಫ್‌ಸೆಟ್ ಅನ್ನು ಹಳೇ ಬೆಲೆಗೆ ತಂದಿಡಿ. ಇಲ್ಲದಿದ್ದರೆ ಮುಂದಿನ ಜಾಬ್‌ನ ಥ್ರೆಡ್ ಉದ್ದ ತಪ್ಪುತ್ತದೆ, ಭುಜ ಇರುವ ಜಾಬ್ ಆದರೆ ಟೂಲ್ ಭುಜಕ್ಕೆ ಬಡಿಯಬಹುದು.